ಚೀಟಿ ಎತ್ತಿ ಕೊಟ್ಟ ಕುದುರೆ

(ಕುವೈತ್‌ನ ರಿಗ್ಗೈನಲ್ಲಿ ಶುಕ್ರವಾರ ಸಂಜೆ ಸೇರಿದ್ದ ಕನ್ನಡ ಕುಟುಂಬಗಳ ಮುಂದೆ ಮಾಡಿದ ಭಾಷಣದ ಪಠ್ಯ. ಗೆಳೆಯರ ಕೋರಿಕೆಯಂತೆ ಬರಹಕ್ಕೆ ಇಳಿಸಿ ಕಳುಹಿಸುತ್ತಿದ್ದೇನೆ.)

ಸಂಘಟಕರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಈ ಇಪ್ಪತ್ತು ನಿಮಿಷದ ಲೆಕ್ಕವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಒಲಿಂಪಿಕ್ಸ್‌ನಂಥ ಕೂಟದಲ್ಲಿ ಒಬ್ಬ ಕ್ರೀಡಾಪಟುವಿಗೂ, ಅವರು ಹಿಂದೆಂದೂ ಕಂಡಿರದ ಒಂದು ಕುದುರೆಗೂ ಪರಿಚಯ ಆಗಲು ಕೊಡುತ್ತಿದ್ದ ಸಮಯವೂ ಅಷ್ಟೇ. ಇವತ್ತಿನ ಮಾತು ಅದರ ಬಗ್ಗೆ.

ನಾನು ಪಶುವೈದ್ಯನಲ್ಲ. ಇಲ್ಲಿರುವ ಬಹಳ ಜನರಂತೆ ನಾನೂ ತೈಲ ಕ್ಷೇತ್ರದಲ್ಲಿ ಕೆಲಸ ಮಾಡುವ ಒಬ್ಬ ಇಂಜಿನಿಯರ್. ಆದರೆ ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಎನ್‌ಸಿಸಿ ಅಶ್ವದಳದಲ್ಲಿ ಕುದುರೆ ಹತ್ತಿದವನು. ಈಗ ನನ್ನ ಮಗಳು ಇಲ್ಲಿ ಕಲಿಯುತ್ತಿದ್ದಾಳೆ. ನಿಮ್ಮಲ್ಲೂ ನಾಲ್ಕೈದು ಮನೆಯ ಮಕ್ಕಳು ವಾರಕ್ಕೊಮ್ಮೆ ರೈಡಿಂಗ್ ಕ್ಲಾಸಿಗೆ ಹೋಗುತ್ತಿದ್ದಾರೆ ಎಂದು ಗೊತ್ತು. ಬಿಸಿಲು ಇಳಿದು ಚಳಿಗಾಲ ಬಂತೆಂದರೆ ಸ್ಪರ್ಧೆಗಳೂ ಶುರುವಾಗುತ್ತವೆ. ನಮ್ಮ ಮಕ್ಕಳಿಗೆ ಸ್ವಂತ ಕುದುರೆ ಇಲ್ಲ. ಶಾಲೆಯವರು ಆ ದಿನ ಯಾವುದನ್ನು ಕೊಡುತ್ತಾರೋ ಅದರ ಮೇಲೆಯೇ ಕೂರಬೇಕು. ಹಾಗಾಗಿ ಟೋಕಿಯೊದಲ್ಲಿ ನಡೆದದ್ದಕ್ಕೂ ನಮ್ಮ ಮನೆಗೂ ಸಂಬಂಧವಿದೆ.

ಟೋಕಿಯೊದಲ್ಲಿ ಆದದ್ದೇನು?

ಮಾಡರ್ನ್ ಪೆಂಟಾತ್ಲಾನ್ ಎಂಬ ಕ್ರೀಡೆಯಲ್ಲಿ ಐದು ಭಾಗ: ಕತ್ತಿವರಸೆ, ಈಜು, ಕುದುರೆ ಸವಾರಿ, ಗುಂಡು ಹೊಡೆಯುವುದು, ಓಟ. ಆಧುನಿಕ ಒಲಿಂಪಿಕ್ಸ್‌ನ ಪಿತಾಮಹ ಕೂಬರ್ತೆ ಇದಕ್ಕೆ ಪ್ರೇರಣೆ. 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಇದು ಮೊದಲು ಬಂತು. ಶತ್ರುಗಳ ನೆಲದಲ್ಲಿ ಸಿಕ್ಕಿಬಿದ್ದ ಸೈನಿಕ ಅಧಿಕಾರಿಯೊಬ್ಬ ಕೈಗೆ ಸಿಕ್ಕ ಕುದುರೆ ಹತ್ತಿ ತಪ್ಪಿಸಿಕೊಂಡು ಬರುತ್ತಾನೆ ಎಂಬುದು ಇದರ ಹಿಂದಿನ ಕಲ್ಪನೆ. ಅದಕ್ಕೇ ಇಲ್ಲಿ ಕುದುರೆಯನ್ನು ಚೀಟಿ ಎತ್ತಿ ಕೊಡುತ್ತಿದ್ದರು. ಪರಿಚಯಕ್ಕೆ ಇಪ್ಪತ್ತು ನಿಮಿಷ, ಅದರೊಳಗೆ ಅಭ್ಯಾಸದ ಇಪ್ಪತ್ತು ಜಿಗಿತ. ಆಮೇಲೆ 120 ಸೆಂಟಿಮೀಟರ್‌ವರೆಗಿನ ಎತ್ತರದ ಹನ್ನೆರಡು ತಡೆಗಳು.

2020ರ ಟೋಕಿಯೊ ಒಲಿಂಪಿಕ್ಸ್ ಕೊರೊನಾದಿಂದಾಗಿ 2021ರಲ್ಲಿ ನಡೆಯಿತಷ್ಟೆ. ಆಗಸ್ಟ್ 6ರಂದು ಮಹಿಳೆಯರ ಸ್ಪರ್ಧೆಯಲ್ಲಿ ಜರ್ಮನಿಯ ಅನಿಕಾ ಶ್ಲೋಯ್ ಕತ್ತಿವರಸೆ, ಈಜು ಮುಗಿದಾಗ ಮೊದಲ ಸ್ಥಾನದಲ್ಲಿದ್ದರು. ಚೀಟಿಯಲ್ಲಿ ಅವರಿಗೆ ಬಂದದ್ದು ಸೇಂಟ್ ಬಾಯ್ ಎಂಬ ಕುದುರೆ. ಅದೇ ಕುದುರೆ ಸ್ವಲ್ಪ ಹೊತ್ತಿನ ಮುಂಚೆ ರಷ್ಯಾದ ಸ್ಪರ್ಧಿಯನ್ನು ಹೊತ್ತು ತಡೆಗಳ ಮುಂದೆ ನಿಂತುಬಿಟ್ಟಿತ್ತು. ಎರಡನೆಯ ಸರದಿಯಲ್ಲೂ ಅದೇ ಕುದುರೆ, ಅದೇ ದಿನ. ಅದು ಮೈದಾನದಲ್ಲಿ ಹಿಂದೆ ಹಿಂದೆ ಹೋಗತೊಡಗಿತು. ಸವಾರಳು ಅಳುತ್ತಲೇ ಚಾವಟಿ ಬೀಸಿದರು. ಬೇಲಿಯಾಚೆ ನಿಂತಿದ್ದ ಕೋಚ್ ಕಿಮ್ ರೈಸ್ನರ್ ಜೋರಾಗಿ ಹೊಡೆಯಲು ಕೂಗಿದ್ದಲ್ಲದೆ, ತಾವೇ ಮುಷ್ಟಿಯಿಂದ ಕುದುರೆಗೆ ಗುದ್ದಿದರು. ಇದೆಲ್ಲ ಟಿವಿಯಲ್ಲಿ ಪ್ರಪಂಚಕ್ಕೇ ಕಂಡಿತು. ಸವಾರಿಯಲ್ಲಿ ಶ್ಲೋಯ್‌ಗೆ ಸೊನ್ನೆ ಅಂಕ. ಕೊನೆಗೆ 31ನೆಯ ಸ್ಥಾನ. ಕೋಚ್‌ರನ್ನು ಕೂಟದ ಉಳಿದ ಸ್ಪರ್ಧೆಯಿಂದ ಹೊರಗೆ ಹಾಕಲಾಯಿತು.

ಅದೇ ವರ್ಷದ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಪೆಂಟಾತ್ಲಾನ್ ಸಂಸ್ಥೆ ಕುದುರೆ ಸವಾರಿಯನ್ನೇ ಕೈಬಿಡುವ ನಿರ್ಧಾರ ಪ್ರಕಟಿಸಿತು. 2024ರ ಪ್ಯಾರಿಸ್ ಕೂಟದಲ್ಲಿ, ವರ್ಸೇಲ್ಸ್ ಅರಮನೆಯ ಆವರಣದಲ್ಲಿ, ಅದು ಕೊನೆಯ ಸಲ ನಡೆಯಿತು. 2028ರ ಲಾಸ್ ಏಂಜಲಿಸ್‌ಗೆ ಕುದುರೆಯ ಬದಲು ಗೋಡೆ ಹತ್ತಿ, ಕಂಬಿ ಹಿಡಿದು ನೇತಾಡಿಕೊಂಡು ದಾಟುವ ಅಡೆತಡೆ ಓಟ ಬಂದಿದೆ.

ನಮ್ಮಲ್ಲಿ ಒಂದು ಗಾದೆ ಇದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಟೋಕಿಯೊದಲ್ಲಿ ಮೊದಲು ಬರೆ ಬಿದ್ದದ್ದು ಕುದುರೆಗೆ. ಆಮೇಲೆ ಇಂಟರ್ನೆಟ್‌ನಲ್ಲಿ ಬರೆ ಬಿದ್ದದ್ದು ಆ ಹೆಣ್ಣುಮಗಳಿಗೆ. ಇಪ್ಪತ್ತು ನಿಮಿಷ ಸಾಕು ಎಂದು ಬರೆದ, ಬೆದರಿದ ಕುದುರೆಯನ್ನು ಅದೇ ದಿನ ಮತ್ತೆ ಅಂಗಳಕ್ಕೆ ತರಲು ಬಿಟ್ಟ ನಿಯಮಕ್ಕೆ ಬಿದ್ದ ಬರೆ ಎಲ್ಲಕ್ಕಿಂತ ಕಡಿಮೆ.

ಅದೇ ಊರು, ನಾಲ್ಕು ದಿನ ಮುಂಚೆ

ಅದೇ ಟೋಕಿಯೊದಲ್ಲಿ, ಕೇವಲ ನಾಲ್ಕು ದಿನ ಮುಂಚೆ, ಆಗಸ್ಟ್ 2ರಂದು ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಈವೆಂಟಿಂಗ್ ಸ್ಪರ್ಧೆಯ ಫೈನಲ್‌ನಲ್ಲಿ ಸವಾರಿ ಮಾಡಿದರು. ಅವರ ಕುದುರೆ ಸೆನ್ಯೋರ್ ಮೆಡಿಕಾಟ್. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಕುದುರೆಯ ಮೇಲೆ ಅವರು ವೈಯಕ್ತಿಕ ಬೆಳ್ಳಿ ಗೆದ್ದಿದ್ದರು, ತಂಡಕ್ಕೂ ಬೆಳ್ಳಿ ಬಂದಿತ್ತು. ಟೋಕಿಯೊದಲ್ಲಿ 23ನೆಯ ಸ್ಥಾನ. ಒಂದು ಕಡೆ ವರ್ಷಗಟ್ಟಲೆ ಒಡನಾಟ, ಇನ್ನೊಂದು ಕಡೆ ಇಪ್ಪತ್ತು ನಿಮಿಷ. ಎರಡಕ್ಕೂ ಒಲಿಂಪಿಕ್ಸ್ ಎಂಬ ಒಂದೇ ಹೆಸರು.

ಪರಿಚಯವಿದ್ದರೆ ಸಾಕು, ಕುದುರೆ ಕ್ಷೇಮ ಎಂದು ನಾನು ಹೇಳುತ್ತಿಲ್ಲ. ಅದೇ ಈವೆಂಟಿಂಗ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಜೆಟ್ ಸೆಟ್ ಎಂಬ ಕುದುರೆ ಕಾಲಿಗೆ ಪೆಟ್ಟಾಗಿ, ದಯಾಮರಣ ಕೊಡಬೇಕಾಗಿ ಬಂತು. ಅಪಾಯ ಅಲ್ಲೂ ಇದೆ. ಆದರೆ ತನ್ನ ಕುದುರೆ ಇವತ್ತು ಮಾಮೂಲಿನಂತಿಲ್ಲ ಎಂಬುದು ಹಳೆಯ ಸವಾರನಿಗೆ ತಿಳಿಯುತ್ತದೆ. ಚೀಟಿಯಲ್ಲಿ ಪಡೆದವನಿಗೆ ಅದರ ಮಾಮೂಲು ಏನೆಂದೇ ಗೊತ್ತಿರುವುದಿಲ್ಲ.

ಕುದುರೆಯ ಕಡೆಯಿಂದ ನೋಡಿದರೆ

ಕುದುರೆಗೆ ಸವಾರನ ಮಾತು ಮುಟ್ಟುವುದು ಮೈಯ ಮೂಲಕ. ಸೊಂಟದ ಭಾರ ಎಲ್ಲಿ ಬೀಳುತ್ತದೆ, ಕಾಲು ಎಷ್ಟು ಒತ್ತುತ್ತದೆ, ಕಡಿವಾಣ ಬಾಯನ್ನು ಎಷ್ಟು ಎಳೆಯುತ್ತದೆ, ಇದೇ ಅದರ ಭಾಷೆ. ಒಬ್ಬ ಸವಾರ ಕಾಲು ಒತ್ತಿದರೆ ಮುಂದೆ ಹೋಗು ಎಂದರ್ಥ. ಇನ್ನೊಬ್ಬ ಹೆದರಿಕೆಗೆ ಅದೇ ಕಾಲನ್ನು ಬಿಗಿ ಹಿಡಿದು, ಜೊತೆಗೆ ಲಗಾಮನ್ನೂ ಜಗ್ಗುತ್ತಾನೆ. ಮುಂದೆ ಹೋಗು ಅಂತಲೂ ಹೇಳಿದ ಹಾಗಾಯಿತು, ನಿಲ್ಲು ಅಂತಲೂ ಹೇಳಿದ ಹಾಗಾಯಿತು. ಕುದುರೆ ಏನು ಮಾಡಬೇಕು?

2009ರಲ್ಲಿ ಸ್ವೀಡನ್‌ನ ಸಂಶೋಧಕರು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಜನರು ಕುದುರೆಯನ್ನು ನಡೆಸಿಕೊಂಡು ಅಥವಾ ಏರಿಕೊಂಡು ಒಂದೇ ದಾರಿಯಲ್ಲಿ ನಾಲ್ಕು ಸಲ ಹೋಗಬೇಕು. ನಾಲ್ಕನೆಯ ಸಲ, "ಈಗ ಪಕ್ಕದಲ್ಲಿ ಒಂದು ಕೊಡೆ ಫಕ್ಕನೆ ಬಿಚ್ಚುತ್ತೇವೆ" ಎಂದು ಅವರಿಗೆ ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದ್ದೂ ಏರಿತು. ಕೊಡೆಯ ವಿಷಯ ಕುದುರೆಗೆ ಯಾರೂ ಹೇಳಿರಲಿಲ್ಲ ನೋಡಿ. ಹೆದರಿಕೆ ಮನುಷ್ಯನಿಂದ ಪ್ರಾಣಿಗೆ ದಾಟಿತ್ತು. ಇನ್ನು ಪದಕ ಕೈತಪ್ಪುತ್ತಿದೆ ಎಂದು ಅಳುತ್ತಿರುವವರು ಬೆನ್ನ ಮೇಲೆ ಇದ್ದರೆ, ಅವರ ಗುರುತೇ ಇಲ್ಲದ ಕುದುರೆಯ ಪಾಡೇನು?

ಹೆಬ್ಬಾಳದಲ್ಲಿ ನಮಗೆ ಕುದುರೆಗಳಿಗಿಂತ ಕ್ಯಾಡೆಟ್‌ಗಳೇ ಹೆಚ್ಚು. ಇವತ್ತು ಒಂದು ಕುದುರೆ, ನಾಳೆ ಇನ್ನೊಂದು. ಆದರೆ ಹತ್ತುವ ಮುಂಚೆ ಮೈ ಉಜ್ಜಬೇಕು, ಗೊರಸು ಎತ್ತಿ ನೋಡಬೇಕು, ಜೀನು ನಾವೇ ಬಿಗಿಯಬೇಕು. ಮುಗಿದ ಮೇಲೆ ಕೈಯಲ್ಲಿ ಹಿಡಿದು ನಡೆಸಿ ಬೆವರು ಆರಿಸಬೇಕು. ಮೈ ಉಜ್ಜುವಾಗಲೇ ಯಾವ ಕಡೆ ಮುಟ್ಟಿದರೆ ಕಿವಿ ಹಿಂದಕ್ಕೆ ಹೋಗುತ್ತದೆ ಎಂದು ತಿಳಿಯುತ್ತಿತ್ತು. ಕುದುರೆ ಹೊಸದು ಎಂಬ ತೊಂದರೆಗೆ ಅಲ್ಲಿ ಇದ್ದ ಮದ್ದು ಅದು.

ಕೊಲ್ಲಿಯಿಂದ ಭಟ್ಕಳಕ್ಕೆ

ನಮಗೂ ಈ ಕೊಲ್ಲಿಗೂ ಕುದುರೆಯ ನಂಟು ಬಹಳ ಹಳೆಯದು. ವಿಜಯನಗರದ ಕಾಲದಲ್ಲಿ ಇಲ್ಲಿನ ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ಕುದುರೆಗಳು ಭಟ್ಕಳ, ಗೋವೆಗೆ ಬಂದು, ಘಟ್ಟ ಹತ್ತಿ ಹಂಪೆ ಸೇರುತ್ತಿದ್ದವು. 19ನೆಯ ಶತಮಾನದಲ್ಲಿ ಇದೇ ಕುವೈತ್‌ನಿಂದ ಬೊಂಬಾಯಿಗೆ ಅರಬ್ಬಿ ಕುದುರೆಗಳು ಹೋಗುತ್ತಿದ್ದವು. ನಾವು ವಿಮಾನದಲ್ಲಿ ಈ ಕಡೆ ಬರುವ ಎಷ್ಟೋ ಮುಂಚೆ ಕುದುರೆಗಳು ಹಡಗಿನಲ್ಲಿ ಆ ಕಡೆ ಹೋಗಿವೆ.

1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಗೆ ಕೊಟ್ಟಷ್ಟೇ ಹಣ. ರಾಜನಿಗೆ ದಂಡು ಕಟ್ಟುವ ಅವಸರ, ವ್ಯಾಪಾರಿ ಬರದೆ ಹೋದರೆ ಎಂಬ ಆತಂಕ. ರಾಜನೀತಿಯಾಗಿ ಅದು ಸರಿಯೇ ಇರಬಹುದು. ಆದರೆ ಹಡಗಿನ ಒಳಗೆ ನಿಂತ ಕುದುರೆಯ ಕಡೆಯಿಂದ ಯೋಚಿಸಿ. ಅದು ಸತ್ತರೂ ತಂದವನಿಗೆ ನಷ್ಟವಿಲ್ಲ. ಹಾಗಿದ್ದ ಮೇಲೆ ನೀರು, ಮೇವು, ಗಾಳಿಯ ಬಗ್ಗೆ ಅವನು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಚೀಟಿ ಕುದುರೆಯ ತೊಂದರೆಯೂ ಇದೇ. ಸವಾರನಿಗೆ ಆ ಕುದುರೆಯ ಜೊತೆ ನಾಳೆ ಎಂಬುದಿಲ್ಲ. ಇವತ್ತು ಅದರ ಬಾಯಿ ಹರಿದರೆ, ಮನಸ್ಸು ಬೆದರಿದರೆ, ಅದನ್ನು ಸರಿಪಡಿಸುವ ಕೆಲಸ ಅವನದಲ್ಲ. ಅವನು ಕೆಟ್ಟವನೆಂದಲ್ಲ, ನಿಯಮ ಅವನನ್ನು ಆ ಜಾಗದಲ್ಲಿ ಕೂರಿಸಿದೆ. ಮಕ್ಕಳಿಗೆ ನ್ಯಾಯವಾಗಲಿ ಎಂದು ಚೀಟಿ ಎತ್ತುತ್ತೇವೆ. ಆ ನ್ಯಾಯದ ಖರ್ಚು ಕುದುರೆಯ ಲೆಕ್ಕಕ್ಕೆ ಬೀಳುತ್ತದೆ.

ಹಾಗಾದರೆ ನಿಲ್ಲಿಸಿಬಿಡೋಣವೇ?

ಪೆಂಟಾತ್ಲಾನ್‌ನವರು ನಿಲ್ಲಿಸಿದರು. ನಾವೂ ನಿಲ್ಲಿಸೋಣ ಎಂದು ಹೇಳುವುದು ಸುಲಭ, ಆದರೆ ನಾನು ಹೇಳುವುದಿಲ್ಲ. ಎರವಲು ಕುದುರೆ ಬೇಡ ಎಂದ ಕೂಡಲೇ ಈ ಕ್ರೀಡೆ ಕುದುರೆ ಕೊಳ್ಳಬಲ್ಲವರ, ವಿಮಾನದಲ್ಲಿ ಸಾಗಿಸಬಲ್ಲವರ ಪಾಲಾಗುತ್ತದೆ. ದೇಶದಿಂದ ದೇಶಕ್ಕೆ ಕುದುರೆ ಒಯ್ಯಲು ಕ್ವಾರಂಟೈನ್, ರೋಗ ತಪಾಸಣೆ, ಲಕ್ಷಗಟ್ಟಲೆ ಖರ್ಚು. ಬಾಡಿಗೆ ಫ್ಲಾಟಿನ ನಮ್ಮ ಮಕ್ಕಳು ಬೇಲಿಯಾಚೆಯೇ ನಿಲ್ಲಬೇಕು. ಎರವಲು ಕುದುರೆ ಬಡವರಿಗೆ ಬಾಗಿಲು ತೆರೆಯುತ್ತದೆ. ಆ ಬಾಗಿಲು ಮುಚ್ಚದೆ ಕುದುರೆಯನ್ನು ಹೇಗೆ ಕಾಪಾಡುವುದು ಎಂಬುದೇ ಪ್ರಶ್ನೆ. ಬೇರೆಯವರು ಏನು ಮಾಡಿದ್ದಾರೆ ನೋಡೋಣ.

ಯೂತ್ ಒಲಿಂಪಿಕ್ಸ್‌ನಲ್ಲಿ ಸವಾರರೆಲ್ಲ ಎರವಲು ಕುದುರೆಗಳ ಮೇಲೆಯೇ ಸ್ಪರ್ಧಿಸಿದ್ದಾರೆ. 2010ರ ಸಿಂಗಪುರ ಕೂಟಕ್ಕೆ ಕುದುರೆಗಳನ್ನು ಆಸ್ಟ್ರೇಲಿಯಾದಿಂದ ತರಿಸಿದ್ದರು. ಅಲ್ಲಿ ಪರಿಚಯಕ್ಕೆ ಸಿಕ್ಕಿದ್ದು ನಿಮಿಷಗಳಲ್ಲ, ದಿನಗಳು.

ಅಮೆರಿಕದ ವಿಶ್ವವಿದ್ಯಾಲಯಗಳ ಹೆಣ್ಣುಮಕ್ಕಳ ತಂಡಗಳ ನಡುವಿನ ಎನ್‌ಸಿಇಎ ಸ್ಪರ್ಧೆಯಲ್ಲಿ ಇನ್ನೂ ಚೆನ್ನಾದ ಉಪಾಯವಿದೆ. ಆತಿಥೇಯ ಶಾಲೆಯ ಒಂದೇ ಕುದುರೆಯನ್ನು ಎರಡೂ ತಂಡದ ಒಬ್ಬೊಬ್ಬರು ಏರುತ್ತಾರೆ. ಇಬ್ಬರಲ್ಲಿ ಹೆಚ್ಚು ಅಂಕ ಯಾರಿಗೋ ಅವರ ತಂಡಕ್ಕೆ ಗೆಲುವಿನ ಪಾಯಿಂಟ್. ಕುದುರೆ ಮೊಂಡು ಇದ್ದರೆ ಇಬ್ಬರಿಗೂ ಮೊಂಡೇ. ಪರಿಚಯದ ಸಮಯ ಅಲ್ಲೂ ಕಡಿಮೆಯೇ, ನಾಲ್ಕೇ ನಿಮಿಷ. ಆದರೆ ಕುದುರೆ ಸರಿಯಿಲ್ಲ ಎಂದು ಕಂಡರೆ ಬೇರೆ ಕುದುರೆಯ ಮೇಲೆ ಮರುಸವಾರಿಗೂ ಅವಕಾಶವಿದೆ.

ವಿಶ್ವ ಜಂಪಿಂಗ್ ಚಾಂಪಿಯನ್‌ಶಿಪ್‌ನಲ್ಲೂ ಕೊನೆಯ ನಾಲ್ವರು ಒಬ್ಬರ ಕುದುರೆಯನ್ನು ಇನ್ನೊಬ್ಬರು ಏರುವ ಪದ್ಧತಿ ದಶಕಗಳ ಕಾಲ ಇತ್ತು. ನ್ಯಾಯದ ದೃಷ್ಟಿಯಿಂದ ಒಳ್ಳೆಯದೇ. ಆದರೆ ಪ್ರತಿ ಕುದುರೆಗೂ ನಾಲ್ಕು ಸುತ್ತಿನ ಹೊರೆ. 2014ರ ನಂತರ ಅದನ್ನು ಕೈಬಿಟ್ಟರು.

ಇನ್ನು ನಮ್ಮ ದಕ್ಷಿಣ ಕನ್ನಡ, ಉಡುಪಿಯವರು ಇಲ್ಲಿ ಬಹಳ ಮಂದಿ ಇದ್ದೀರಿ. ಕಂಬಳದಲ್ಲಿ ಕೋಣ ಯಜಮಾನರದ್ದು, ಓಡಿಸುವವನು ಬೇರೆ. ಆದರೂ ಸೀಸನ್ನಿಗೆ ಮುಂಚೆ ಕುದಿ ಎಂದು ಅಭ್ಯಾಸದ ಓಟ ನಡೆಯುತ್ತದೆ. ಕೋಣ ಮತ್ತು ಓಟಗಾರ ಒಬ್ಬರಿಗೊಬ್ಬರು ಹೊಂದಿಕೊಳ್ಳಲಿ ಎಂದೇ ಅದು. ಕಂಬಳದ ಬೆತ್ತದ ಬಗ್ಗೆ ನ್ಯಾಯಾಲಯದವರೆಗೆ ವಾದ ಹೋಯಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ತಿದ್ದುಪಡಿ ಕಾನೂನನ್ನು ಎತ್ತಿಹಿಡಿಯಿತು. ಆ ವಾದ ಇಲ್ಲಿ ಬೇಡ. ಆದರೆ ಪರಿಚಯವಿಲ್ಲದ ಕೋಣವನ್ನು ಚೀಟಿ ಎತ್ತಿ ಕೊಡಿ ಎಂದು ಯಾವ ಯಜಮಾನರೂ ಒಪ್ಪುವುದಿಲ್ಲ, ಅಲ್ಲವೇ?

ಇಲ್ಲಿ ನಾನು ಕಂಡದ್ದು

ಒಂದು ಚಳಿಗಾಲ ಇಲ್ಲಿನ ಒಂದು ರೈಡಿಂಗ್ ಶಾಲೆಯ ಒಳಸ್ಪರ್ಧೆಗೆ ಹೋಗಿದ್ದೆ. ಹೆಸರು ಬೇಡ. ಮಕ್ಕಳು ಚೀಟಿ ಎತ್ತಿದರು. ಒಂದು ಬೂದು ಬಣ್ಣದ ಮುದಿ ಹೆಣ್ಣುಕುದುರೆ ಹನ್ನೊಂದು ವರ್ಷದ ಹುಡುಗನಿಗೆ ಬಂತು. ಎರಡನೆಯ ತಡೆಯ ಮುಂದೆ ನಿಂತಿತು. ಮತ್ತೆ ತಂದ, ಮತ್ತೆ ನಿಂತಿತು. ಬೇಲಿಯ ಹೊರಗಿನಿಂದ ಅವನ ತಂದೆ, "ಹೊಡಿಯೋ, ಜೋರಾಗಿ ಹೊಡಿ" ಎಂದು ಕೂಗಿದರು. ನಮ್ಮ ಭಾಷೆಯಲ್ಲೇ. ಹುಡುಗ ಹೊಡೆದ, ಕಣ್ಣಲ್ಲಿ ನೀರು.

ನನ್ನ ಪಕ್ಕದಲ್ಲಿ ಆ ಕುದುರೆಯ ಸೈಸ್ ನಿಂತಿದ್ದ. ಬಿಹಾರದ ಕಡೆಯವನು. "ಸಾಬ್, ಬೆಳಗಿನಿಂದ ಇದು ಐದನೆಯ ಸವಾರಿ. ಎಡ ಮುಂಗಾಲು ನಿನ್ನೆಯೇ ಬಿಸಿ ಇತ್ತು" ಎಂದ. ಯಾರಿಗಾದರೂ ಹೇಳಿದೆಯಾ ಎಂದು ಕೇಳಿದೆ. "ನನ್ನನ್ನು ಯಾರು ಕೇಳುತ್ತಾರೆ?" ಎಂದ. ನಾನು ಹೋಗಿ ತೀರ್ಪುಗಾರರಿಗೆ ಹೇಳಿದೆ, ಕುದುರೆಯನ್ನು ಒಳಗೆ ಕರೆದೊಯ್ದರು. ಹುಡುಗನ ಹೆಸರಿನ ಮುಂದೆ ಎಲಿಮಿನೇಟೆಡ್ ಎಂದು ಬರೆದರು. ಕುದುರೆಯ ಹೆಸರಿನ ಮುಂದೆ ಏನೂ ಬರೆಯಲಿಲ್ಲ.

ಸ್ನೇಹಿತರೇ, ಲಾಯದಲ್ಲಿ ದಿನವಿಡೀ ಕುದುರೆಯ ಜೊತೆ ಇರುವವನು ಈ ಸೈಸ್. ಇಲ್ಲಿನ ಲಾಯಗಳಲ್ಲಿ ಅವರಲ್ಲಿ ಅನೇಕರು ನಮ್ಮ ದೇಶದವರೇ. ಅಂದು ಆ ಕುದುರೆಯ ಬಗ್ಗೆ ಹೆಚ್ಚು ತಿಳಿದಿದ್ದವನ ಮಾತಿಗೆ ನಿಯಮದಲ್ಲಿ ಜಾಗವೇ ಇರಲಿಲ್ಲ.

ನಾವು ಕೇಳಬೇಕಾದ್ದು

ಫೀಸು ಕೊಡುವ ತಂದೆತಾಯಿಗಳು ನಾವು. ಕೇಳುವ ಹಕ್ಕು ನಮಗಿದೆ. ಮಗುವನ್ನು ಸ್ಪರ್ಧೆಗೆ ಸೇರಿಸುವ ಮುಂಚೆ ಈ ಆರು ಮಾತು ಕೇಳೋಣ.

1. ಒಂದು ಕುದುರೆಯನ್ನು ಕನಿಷ್ಠ ಇಬ್ಬರು ಮಕ್ಕಳು ಏರಲಿ, ಅವರಿಬ್ಬರನ್ನು ಒಬ್ಬರಿಗೊಬ್ಬರು ಹೋಲಿಸಿ ಅಂಕ ಕೊಡಲಿ. ಬೇರೆ ಬೇರೆ ಕುದುರೆ ಏರಿದವರನ್ನು ಒಂದೇ ಪಟ್ಟಿಯಲ್ಲಿ ಹಾಕಿ ಮೊದಲನೆಯವನು, ಹತ್ತನೆಯವನು ಎನ್ನುವುದು ನ್ಯಾಯವಲ್ಲ.

2. ಒಂದು ದಿನಕ್ಕೆ ಒಂದು ಕುದುರೆ ಎಷ್ಟು ಸುತ್ತು ಎಂಬ ಮಿತಿಯನ್ನು ಮುಂಚೆಯೇ ಬರೆದು ಗೋಡೆಗೆ ಹಚ್ಚಲಿ.

3. ಪರಿಚಯ ಎಷ್ಟು ಕಡಿಮೆಯೋ ತಡೆಯ ಎತ್ತರವೂ ಅಷ್ಟು ಕಡಿಮೆ ಇರಲಿ. ಇವತ್ತೇ ಕಂಡ ಕುದುರೆಯ ಮೇಲೆ ಎತ್ತರದ ಜಿಗಿತ ಬೇಡ.

4. ಕುದುರೆ ಎರಡು ಸಲ ನಿಂತರೆ ಸುತ್ತು ಅಲ್ಲಿಗೇ ನಿಲ್ಲಲಿ. ವೈದ್ಯರು ನೋಡಲಿ. ಆ ಕುದುರೆ ಅಂದು ಮತ್ತೆ ಬರಬಾರದು. ಮಗುವಿಗೆ ಬೇರೆ ಕುದುರೆಯ ಮೇಲೆ ಇನ್ನೊಂದು ಅವಕಾಶ ಸಿಗಲಿ. ಆಗ ನಿಲ್ಲಿಸಲು ಮಗುವಿಗೂ ಧೈರ್ಯ ಬರುತ್ತದೆ.

5. ಎರವಲು ಕುದುರೆಯ ಮೇಲೆ ಕೂರುವ ಮಕ್ಕಳ ಕೈಗೆ ಚಾವಟಿಯೂ ಬೇಡ, ಕಾಲಿಗೆ ಸ್ಪರ್ ಕೂಡ ಬೇಡ.

6. ಪ್ರತಿ ಕುದುರೆಗೂ ಒಂದು ಕಾರ್ಡ್ ಇರಲಿ. ವಯಸ್ಸು, ಯಾವ ಕಡಿವಾಣ, ಯಾವುದಕ್ಕೆ ಬೆದರುತ್ತದೆ, ಹಿಂದಿನ ದಿನ ಎಷ್ಟು ಕೆಲಸ ಮಾಡಿದೆ. ಅದರ ಕೊನೆಯಲ್ಲಿ ಸೈಸ್ ತನ್ನ ಭಾಷೆಯಲ್ಲಿ ಹೇಳಿದ ಒಂದು ಸಾಲು. ಅವನು ಬೇಡ ಎಂದರೆ ಆ ಕುದುರೆ ಚೀಟಿಯ ಡಬ್ಬಕ್ಕೆ ಬೀಳಬಾರದು.

ಇದಕ್ಕೆ ದೊಡ್ಡ ಖರ್ಚಿಲ್ಲ. ಎರಡು ಕುದುರೆ ಹೆಚ್ಚಿಗೆ ಕಾದಿಡಬೇಕು, ಹತ್ತು ಮಕ್ಕಳ ಬದಲು ಎಂಟು ಮಕ್ಕಳನ್ನು ಸೇರಿಸಬೇಕು. ನಮ್ಮ ಮಗು ಆ ಎಂಟರಲ್ಲಿ ಇಲ್ಲದೆ ಹೋಗಬಹುದು. ಅದನ್ನು ಒಪ್ಪುವ ಮನಸ್ಸಿದ್ದರೆ ಮಾತ್ರ ಈ ಪಟ್ಟಿಗೆ ಬೆಲೆ.

"ಇದೆಲ್ಲ ಶ್ರೀಮಂತರ ಆಟ, ನಮಗ್ಯಾಕೆ ತಲೆನೋವು?" ಎಂದು ಕೆಲವರು ಕೇಳಬಹುದು. ನಮ್ಮ ಮಗು ಬೇಲಿಯ ಒಳಗೆ ಕಾಲಿಟ್ಟ ದಿನವೇ ಆ ಪ್ರಶ್ನೆ ಮುಗಿಯಿತು. ಅಲ್ಲಿ ಮಗು ಕಲಿಯುವುದು ಬರೀ ಸವಾರಿಯಲ್ಲ. ತನಗೆ ಬೇಕಾದ್ದನ್ನು ಇನ್ನೊಂದು ಜೀವ ಕೊಡದಿದ್ದಾಗ ಏನು ಮಾಡಬೇಕು ಎಂಬುದನ್ನೂ ಕಲಿಯುತ್ತದೆ. ಬೇಲಿಯ ಹೊರಗೆ ನಿಂತ ನಾವು ಏನು ಕೂಗುತ್ತೇವೋ ಅದೇ ಅದಕ್ಕೆ ಪಾಠ.

ಈ ಆರು ಅಂಶಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಪುಟಕ್ಕೆ ಇಳಿಸಿದ್ದೇನೆ. ಹೊರಗಿನ ಮೇಜಿನ ಮೇಲೆ ಪ್ರತಿಗಳಿವೆ. ಅರಬ್ಬಿ ಬರೆಯಬಲ್ಲವರು ಯಾರಾದರೂ ಇದ್ದರೆ ಅನುವಾದಕ್ಕೆ ಕೈಜೋಡಿಸಿ. ಈ ಸೀಸನ್ನಿನ ಮೊದಲ ಸ್ಪರ್ಧೆಗೆ ಮುಂಚೆ ನಾಲ್ಕೈದು ಮನೆಯವರು ಸೇರಿ ನಮ್ಮ ಮಕ್ಕಳ ಶಾಲೆಗಳಿಗೆ ಹೋಗಿ, ಜಗಳವಾಡದೆ, ಕೂತು ಮಾತಾಡಿ ಬರೋಣ. ಬರುವವರು ಊಟಕ್ಕೆ ಮುಂಚೆ ನನ್ನ ಹತ್ತಿರ ಹೆಸರು ಕೊಡಿ.